ಮಧುಮೇಹ: ಮನಸ್ಸಿನ ಆರೋಗ್ಯ ಮತ್ತು ಬದುಕಿನ ಗುಣಮಟ್ಟ – ಇತಿಹಾಸ

ಮಧುಮೇಹ ಬಹುಮಟ್ಟಿಗೆ ಬದುಕಿನುದ್ದಕ್ಕೂ ಜೊತೆಗಿರುವ ಕಾಯಿಲೆ. ಜನ ಇದನ್ನು ಸಕ್ಕರೆ ಕಾಯಿಲೆ ಎನ್ನುತ್ತಾರೆ, ಈಚೆಗೆ ಬರೀ ಶುಗರ್ ಎನ್ನುತ್ತಾರೆ. ಇದರ ಚಿಕಿತ್ಸೆಯ ದೊಡ್ಡ ಪಾಲು ನಡೆಯುವುದು ಅಡುಗೆಮನೆಯಲ್ಲಿ, ಕೆಲಸದ ಜಾಗದಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ. ಆಸ್ಪತ್ರೆಯ ಪಾಲು ಅದರಲ್ಲಿ ಚಿಕ್ಕದು. ಏನು ತಿನ್ನಬೇಕು, ಎಷ್ಟು ನಡೆಯಬೇಕು, ಮಾತ್ರೆ ಯಾವಾಗ, ಸೂಜಿ ಯಾವಾಗ ಎಂಬ ಲೆಕ್ಕಕ್ಕೆ ರಜೆಯಿಲ್ಲ. ಈ ಕಾಯಿಲೆಗೂ ಮನಸ್ಸಿಗೂ ನಂಟಿದೆ ಎಂಬುದನ್ನು ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದರು. ಆದರೆ ಸುಮಾರು ಮೂರು ಶತಮಾನ ಅವರು ಕೇಳುತ್ತ ಬಂದದ್ದು ಮನಸ್ಸು ಕಾಯಿಲೆಯನ್ನು ತರುತ್ತದೆಯೇ ಎಂದು. ಕಾಯಿಲೆ ಮನಸ್ಸಿಗೆ ಏನು ಮಾಡುತ್ತದೆ ಎಂಬ ಪ್ರಶ್ನೆ ಕ್ರಮಬದ್ಧ ಅಧ್ಯಯನದ ವಿಷಯವಾದದ್ದು 20ನೆಯ ಶತಮಾನದ ಕೊನೆಯ ದಶಕಗಳಲ್ಲಿ. ಈ ತಡಕ್ಕೆ ರೋಗಿಗಳು ತೆತ್ತ ಬೆಲೆ ಸಣ್ಣದಲ್ಲ.

ಹಳೆಯ ಆಯುರ್ವೇದ ಗ್ರಂಥಗಳು ಮಧುಮೇಹವನ್ನು ಬದುಕಿನ ರೀತಿಯೊಂದಿಗೆ ಸೇರಿಸಿಯೇ ನೋಡಿದವು. ಸುಶ್ರುತ ಸಂಹಿತೆ ಪ್ರಮೇಹವನ್ನು, ಎಂದರೆ ಮಧುಮೇಹವೂ ಸೇರಿದ ರೋಗವರ್ಗವನ್ನು, ಹುಟ್ಟಿನಿಂದ ಬಂದದ್ದು, ಅಪಥ್ಯದಿಂದ ಬಂದದ್ದು ಎಂದು ಎರಡಾಗಿ ವಿಂಗಡಿಸುತ್ತದೆ. ಅದು ಹೇಳುವ ಚಿಕಿತ್ಸೆಯಲ್ಲಿ ಔಷಧಿಯ ಜೊತೆಗೆ ಬದುಕನ್ನೇ ಬದಲಿಸುವ ವಿಧಿಗಳಿವೆ. ಬಡವನಾದವನು ಚಪ್ಪಲಿ ಕೊಡೆಗಳಿಲ್ಲದೆ, ಭಿಕ್ಷೆಯ ಅನ್ನ ಉಂಡು ನೂರು ಯೋಜನ ನಡೆಯಬೇಕು; ಸಿರಿವಂತನು ಕಿರುಧಾನ್ಯ ತಿಂದು ಕಾಡಿನಲ್ಲಿ ಜಿಂಕೆಗಳ ನಡುವೆ ಇರಬೇಕು; ಉಳಿದವರು ಹೊಲ ಉಳಬೇಕು, ಇಲ್ಲವೇ ಬಾವಿ ತೋಡಬೇಕು. ದೇಹಶ್ರಮದ ಬೆಲೆಯನ್ನು ಇಷ್ಟು ಹಿಂದೆಯೇ ಅರಿತದ್ದು ದೊಡ್ಡ ಮಾತು. ಮನೆ, ನಂಟರು, ಕಸುಬು ಬಿಟ್ಟು ಹಾಗೆ ಹೊರಟವನ ಪಾಡೇನು ಎಂಬುದಕ್ಕೆ ಮಾತ್ರ ಆ ವಿಧಿಯಲ್ಲಿ ಜಾಗವಿಲ್ಲ.

ಯುರೋಪಿನಲ್ಲಿ ಮನಸ್ಸಿನ ಮಾತು ತೆಗೆದವನು ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್. ದೀರ್ಘಕಾಲದ ದುಃಖದಿಂದ ಮಧುಮೇಹ ಬರುತ್ತದೆಂದು ಅವನು 17ನೆಯ ಶತಮಾನದಲ್ಲಿ ಬರೆದ. 1849ರಲ್ಲಿ ಫ್ರಾನ್ಸಿನ ಕ್ಲೋಡ್ ಬರ್ನಾರ್ಡ್ ಮೊಲದ ಮೆದುಳಿನ ಒಂದು ಜಾಗಕ್ಕೆ ಚುಚ್ಚಿದಾಗ ಅದರ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ನರಮಂಡಲವೇ ಕಾಯಿಲೆಯ ಬೇರು ಎಂಬ ನಂಬಿಕೆಗೆ ಇದರಿಂದ ಬಲ ಬಂತು. 1879ರಲ್ಲಿ ಮನೋವೈದ್ಯ ಹೆನ್ರಿ ಮಾಡ್ಸ್ಲಿ ಇನ್ನೂ ಮುಂದೆ ಹೋಗಿ, ಹುಚ್ಚಿನ ಚರಿತ್ರೆಯಿರುವ ಮನೆತನಗಳಲ್ಲಿ ಮಧುಮೇಹವೂ ಹೆಚ್ಚಾಗಿ ಕಾಣುತ್ತದೆ ಎಂದ. ಇಷ್ಟರಲ್ಲಿ ಕಾಯಿಲೆಯ ಜೊತೆಗೆ ಕಳಂಕವೂ ಅಂಟಿಕೊಂಡಿತ್ತು.

ಇನ್ಸುಲಿನ್ ಸಿಗುವ ಮೊದಲು ಬಾಲ್ಯದಲ್ಲಿ ಈ ಕಾಯಿಲೆ ಬಂದವರು ಹೆಚ್ಚು ಕಾಲ ಉಳಿಯುತ್ತಿರಲಿಲ್ಲ. ಅಮೆರಿಕದ ಫ್ರೆಡರಿಕ್ ಆಲೆನ್ 1910ರ ದಶಕದಲ್ಲಿ ರೂಢಿಗೆ ತಂದ ಉಪವಾಸ ಚಿಕಿತ್ಸೆ ಆಯುಸ್ಸನ್ನು ಸ್ವಲ್ಪ ಹೆಚ್ಚಿಸುತ್ತಿತ್ತು, ಅದೂ ಹಸಿವಿನ ಬೆಲೆಗೆ. ಆ ಕಾಲದ ಕಥೆಯನ್ನು ಎಲಿಜಬೆತ್ ಹ್ಯೂಸ್ ಎಂಬ ಹುಡುಗಿಯ ಬದುಕಿನಷ್ಟು ಚೆನ್ನಾಗಿ ಬೇರೆ ಯಾವುದೂ ಹೇಳುವುದಿಲ್ಲ. ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅವರ ಮಗಳು ಈಕೆ. 1919ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಕಾಯಿಲೆ ಪತ್ತೆಯಾಯಿತು. ಆಲೆನ್ ಪಥ್ಯದಲ್ಲಿ ಮೂರು ವರ್ಷ ಕಳೆಯುವಷ್ಟರಲ್ಲಿ ಆಕೆಯ ತೂಕ 20 ಕಿಲೋ ಆಸುಪಾಸಿಗೆ ಇಳಿದಿತ್ತು. 1922ರ ಜನವರಿ 11ರಂದು ಟೊರಾಂಟೊದಲ್ಲಿ ಲೆನಾರ್ಡ್ ಥಾಂಪ್ಸನ್ ಎಂಬ 14ರ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಲಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಎಲಿಜಬೆತ್‌ಗೆ ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಅವರ ಕೈಯಿಂದ ಅದು ಸಿಕ್ಕಿತು. ಆಕೆ ಚೇತರಿಸಿಕೊಂಡಳು, ಓದಿದಳು, ಮದುವೆಯಾಗಿ ಮಕ್ಕಳನ್ನು ಬೆಳೆಸಿದಳು, 1981ರವರೆಗೆ ಬಾಳಿದಳು. ಆದರೆ ತನಗೆ ಮಧುಮೇಹ ಇದೆ ಎಂಬುದನ್ನು ಬದುಕಿನುದ್ದಕ್ಕೂ ಮುಚ್ಚಿಟ್ಟಳು. ತಂದೆಯ ಕಾಗದಪತ್ರಗಳಲ್ಲಿದ್ದ ಆ ಪ್ರಸ್ತಾಪಗಳನ್ನೂ ಅಳಿಸಿಹಾಕಿದಳು. ವೈದ್ಯಶಾಸ್ತ್ರದ ಲೆಕ್ಕದಲ್ಲಿ ಇದು ಪೂರ್ಣ ಯಶಸ್ಸು. ಆರು ದಶಕ ಒಂದು ಗುಟ್ಟನ್ನು ಹೊತ್ತು ನಡೆದ ಭಾರ ಯಾವ ತಪಾಸಣಾ ಚೀಟಿಯಲ್ಲೂ ದಾಖಲಾಗಲಿಲ್ಲ. ಹೆಣ್ಣುಮಗಳಿಗೆ ಇನ್ಸುಲಿನ್ ನಡೆಯುತ್ತಿದೆ ಎಂದು ಗೊತ್ತಾದರೆ ಸಂಬಂಧ ಕೂಡಿಬರುವುದಿಲ್ಲ ಎಂದು ಅದನ್ನು ಬಚ್ಚಿಡುವ ನಮ್ಮ ಮನೆಗಳಲ್ಲಿ ಈ ಭಾರ ಇಂದಿಗೂ ಇಳಿದಿಲ್ಲ.

ಮರೆಮಾಚದೆ ಬಾಳುವ ದಾರಿ ತೋರಿದವರೂ ಅದೇ ತಲೆಮಾರಿನಲ್ಲಿದ್ದರು. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ವೈದ್ಯ ರಾಬಿನ್ ಲಾರೆನ್ಸ್ ಸ್ವತಃ ಮಧುಮೇಹಿ. ಸಾವು ಖಚಿತವೆಂದುಕೊಂಡು ಫ್ಲಾರೆನ್ಸ್‌ಗೆ ಹೋಗಿ ನೆಲೆಸಿದ್ದ ಆತ 1923ರಲ್ಲಿ ಇನ್ಸುಲಿನ್ ಸಿಕ್ಕ ಸುದ್ದಿ ತಿಳಿದು ಮರಳಿ ಬಂದ. 1934ರಲ್ಲಿ ಆತನೂ, ಮಧುಮೇಹಿಯೇ ಆಗಿದ್ದ ಕಾದಂಬರಿಕಾರ ಎಚ್. ಜಿ. ವೆಲ್ಸ್ ಅವರೂ ಸೇರಿ ರೋಗಿಗಳದೇ ಒಂದು ಸಂಘ ಕಟ್ಟಿದರು. ಇಂದಿನ ಡಯಾಬಿಟಿಸ್ ಯುಕೆ ಸಂಸ್ಥೆಯ ಮೂಲ ಇದೇ. ರೋಗಿಯ ಬದುಕಿನ ಬಗ್ಗೆ ರೋಗಿಯೇ ಮಾತನಾಡಬೇಕು ಎಂಬ ನಿಲುವಿಗೆ ಇದು ಗಟ್ಟಿ ನೆಲೆ ಕೊಟ್ಟಿತು.

ಅದೇ ದಶಕದಲ್ಲಿ ಮನೋವಿಶ್ಲೇಷಣೆ ಬೇರೆಯೇ ಹಾದಿ ಹಿಡಿಯಿತು. 1935ರಲ್ಲಿ ಅಮೆರಿಕದ ವಿಲಿಯಂ ಮೆನಿಂಗರ್ ಮಧುಮೇಹಕ್ಕೆ ಮಾನಸಿಕ ಕಾರಣಗಳನ್ನು ಹುಡುಕಿ ಲೇಖನ ಬರೆದರು. ಮಧುಮೇಹಿಗಳಿಗೆ ಅವರದೇ ಆದ ಒಂದು ವ್ಯಕ್ತಿತ್ವವಿದೆ, ಅದು ಅವಲಂಬನೆಯದು, ಒಳಗೊಳಗೇ ಕೊರಗುವಂಥದು ಎಂಬ ವಾದ ಎರಡು ಮೂರು ದಶಕ ಚಲಾವಣೆಯಲ್ಲಿತ್ತು. ಮುಂದಿನ ಸಂಶೋಧನೆಗಳಲ್ಲಿ ಅಂಥ ಯಾವುದೇ ಏಕರೂಪದ ವ್ಯಕ್ತಿತ್ವ ಸಿಗಲಿಲ್ಲ. ಈ ವಾದ ಮಾಡಿದ ಹಾನಿ ದೊಡ್ಡದು: ಬಳಲುತ್ತಿದ್ದವರನ್ನೇ ಅದು ತಪ್ಪಿತಸ್ಥರ ಸ್ಥಾನದಲ್ಲಿ ನಿಲ್ಲಿಸಿತು.

ಆರೋಗ್ಯವೆಂದರೆ ರೋಗವಿಲ್ಲದಿರುವುದಷ್ಟೇ ಅಲ್ಲ, ದೈಹಿಕ, ಮಾನಸಿಕ, ಸಾಮಾಜಿಕ ಕ್ಷೇಮವೂ ಹೌದು ಎಂದು 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನ ಹೇಳಿತು. 1977ರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ ದೇಹ, ಮನಸ್ಸು, ಸಮಾಜ ಮೂರನ್ನೂ ಒಟ್ಟಾಗಿ ನೋಡುವ ಮಾದರಿಯನ್ನು ಮಂಡಿಸಿದಾಗ ಮಧುಮೇಹವನ್ನೂ ಉದಾಹರಣೆಯಾಗಿ ಬಳಸಿದರು. ಈ ನಡುವೆ ತಂತ್ರಜ್ಞಾನ ಮಧುಮೇಹಿಯ ದಿನಚರಿಯನ್ನು ಬದಲಿಸುತ್ತಿತ್ತು. ಇರಾನಿನ ಸ್ಯಾಮ್ಯುಯೆಲ್ ರಹಬರ್ 1960ರ ದಶಕದ ಕೊನೆಯಲ್ಲಿ ಗಮನಿಸಿದ ಹಿಮೋಗ್ಲೋಬಿನ್ ಬದಲಾವಣೆಯಿಂದ, ರಕ್ತದ ಸಕ್ಕರೆಯ ಸುಮಾರು ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಬೆಳೆಯಿತು. 1980ರ ಸುಮಾರಿಗೆ ಸಕ್ಕರೆ ಅಳೆಯುವ ಗ್ಲೂಕೋಮೀಟರ್ ಮನೆಗೆ ಬಂತು. ಇವುಗಳಿಂದ ಉಳಿದ ಕಣ್ಣುಗಳಿಗೆ, ಕಾಲುಗಳಿಗೆ, ಜೀವಗಳಿಗೆ ಲೆಕ್ಕವಿಲ್ಲ. ಆದರೆ ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ನಡವಳಿಕೆಯ ಮೇಲೆ ಹೇಳುವ ತೀರ್ಪಾಗಿಯೂ ಕೇಳಿಸತೊಡಗಿತು. ಅಂಕಿ ಏರಿದರೆ ಬೈಗುಳ, ಇಳಿದರೆ ಶಹಬಾಸ್. ಪರೀಕ್ಷೆಗೆ ನಾಲ್ಕು ದಿನ ಮುಂಚೆ ಕಟ್ಟುನಿಟ್ಟಾಗಿ ಪಥ್ಯ ಮಾಡುವುದು, ವೈದ್ಯರ ಭೇಟಿಯನ್ನೇ ತಪ್ಪಿಸುವುದು ಈ ಭಯದ ಫಲ.

1983ರಿಂದ 1993ರವರೆಗೆ ಅಮೆರಿಕ ಮತ್ತು ಕೆನಡಾದಲ್ಲಿ 1,441 ಜನ ಟೈಪ್ 1 (ದೇಹದಲ್ಲಿ ಇನ್ಸುಲಿನ್ ತಯಾರಾಗದ ಬಗೆಯ) ಮಧುಮೇಹಿಗಳ ಮೇಲೆ ನಡೆದ ಡಿಸಿಸಿಟಿ ಪ್ರಯೋಗ, ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟರೆ ಕಣ್ಣು, ಮೂತ್ರಪಿಂಡ, ನರಗಳ ತೊಂದರೆ ಬಹಳ ಕಡಿಮೆಯಾಗುತ್ತದೆ ಎಂದು ತೋರಿಸಿತು. ಇಷ್ಟು ಬಿಗಿಯಾದ ಚಿಕಿತ್ಸೆ ಬದುಕನ್ನು ನರಕ ಮಾಡುವುದಿಲ್ಲವೇ ಎಂಬ ಅನುಮಾನ ಸಹಜವಾಗಿತ್ತು. ಅದಕ್ಕೆಂದೇ ಸಂಶೋಧಕರು ಬದುಕಿನ ಗುಣಮಟ್ಟ ಅಳೆಯುವ ಪ್ರಶ್ನಾವಳಿಯೊಂದನ್ನು ರೂಪಿಸಿ 1988ರಲ್ಲಿ ಪ್ರಕಟಿಸಿದರು. ಬಿಗಿ ಚಿಕಿತ್ಸೆ ಪಡೆದವರ ಬದುಕಿನ ಗುಣಮಟ್ಟ ಉಳಿದವರಿಗಿಂತ ಕುಸಿಯಲಿಲ್ಲ ಎಂದು ಅಧ್ಯಯನ ಕಂಡುಕೊಂಡಿತು. ಆ ಪ್ರಯೋಗದಲ್ಲಿದ್ದವರಿಗೆ ತರಬೇತಿ ಪಡೆದ ತಂಡದ ನಿರಂತರ ಬೆಂಬಲವಿತ್ತು ಎಂಬುದನ್ನು ಮರೆತು ಈ ಫಲಿತಾಂಶವನ್ನು ಓದಬಾರದು.

ನಿಜವಾದ ತಿರುವು ಬಂದದ್ದು 1995ರಲ್ಲಿ. ಬಾಸ್ಟನ್ನಿನ ಜಾಸ್ಲಿನ್ ಮಧುಮೇಹ ಕೇಂದ್ರದಲ್ಲಿ ವಿಲಿಯಂ ಪೊಲೊನ್ಸ್ಕಿ ಮತ್ತು ಸಂಗಡಿಗರು 20 ಅಂಶಗಳ ಒಂದು ಅಳತೆಗೋಲನ್ನು ಪ್ರಕಟಿಸಿದರು. ಇದರ ಸಂಕ್ಷಿಪ್ತ ಹೆಸರು ಪೇಯ್ಡ್. ತಿನ್ನುವ ವಿಚಾರದಲ್ಲಿ ವಂಚಿತರಾದಂತೆ ಅನಿಸುತ್ತದೆಯೇ, ಮುಂದೆ ಬರಬಹುದಾದ ತೊಡಕುಗಳ ಚಿಂತೆ ಕಾಡುತ್ತದೆಯೇ, ಸಕ್ಕರೆ ಇಳಿದುಹೋಗುವ ಭಯವಿದೆಯೇ, ಚಿಕಿತ್ಸೆ ತಪ್ಪಿದಾಗ ಅಪರಾಧಿ ಭಾವ ಬರುತ್ತದೆಯೇ, ಮನೆಯವರ ಆಸರೆ ಇಲ್ಲವೆನಿಸುತ್ತದೆಯೇ, ಈ ದಿನನಿತ್ಯದ ಹೆಣಗಾಟದಿಂದ ಸೋತುಹೋಗಿದ್ದೀರಾ: ಇಂಥ ವಿಷಯಗಳನ್ನು ಅದು ಕೇಳಿತು. ಇವು ರೋಗಿಗಳು ತಮ್ಮತಮ್ಮಲ್ಲಿ ಆಡಿಕೊಳ್ಳುತ್ತಿದ್ದ ಮಾತುಗಳೇ. ಅವು ಈಗ ಚಿಕಿತ್ಸಾಲಯದೊಳಗೆ ಬಂದವು. ಇದರಿಂದ ಮೂಡಿದ ಪರಿಕಲ್ಪನೆ ಮಧುಮೇಹದ ಸಂಕಟ. ಇದು ಖಿನ್ನತೆಯಲ್ಲ. ಖಿನ್ನತೆ ಕಾಯಿಲೆ, ಈ ಸಂಕಟ ಕಷ್ಟದ ಕೆಲಸವೊಂದನ್ನು ಬಿಡುವಿಲ್ಲದೆ ಮಾಡುವವರಿಗೆ ಬರುವ ಸಹಜ ದಣಿವು. ಎರಡೂ ಒಬ್ಬರಲ್ಲೇ ಇರಬಹುದು, ಪರಿಹಾರ ಬೇರೆ ಬೇರೆ.

ಖಿನ್ನತೆಯ ಅಧ್ಯಯನವೂ ಜೊತೆಜೊತೆಗೆ ಬೆಳೆಯಿತು. ಮಧುಮೇಹಿಗಳಲ್ಲಿ ಖಿನ್ನತೆಯ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು ಎಂದು 2001ರ ಒಂದು ಸಮಗ್ರ ವಿಶ್ಲೇಷಣೆ ತೋರಿಸಿತು. ನಂಟು ಎರಡೂ ಕಡೆಯಿಂದ ಇದೆ ಎಂಬುದು ಮುಂದೆ ಸ್ಪಷ್ಟವಾಯಿತು. ಸಂಶೋಧಕ ಪ್ಯಾಟ್ರಿಕ್ ಲಸ್ಟ್‌ಮನ್ ತಂಡ 1998ರಲ್ಲಿ ಮಾತಿನ ಚಿಕಿತ್ಸೆಯಿಂದ ಖಿನ್ನತೆಯ ಜೊತೆಗೆ ಸಕ್ಕರೆಯ ಮಟ್ಟವೂ ಸುಧಾರಿಸಿದ್ದನ್ನು ಕಂಡಿತು. ಆದರೆ ಅಮೆರಿಕದ ವೇಯ್ನ್ ಕೇಟನ್ ಅವರ 2004ರ ಪ್ರಯೋಗದಲ್ಲಿ ಖಿನ್ನತೆ ಇಳಿದರೂ ಸಕ್ಕರೆ ಇಳಿಯಲಿಲ್ಲ. 2010ರಲ್ಲಿ ಅದೇ ತಂಡ ಒಬ್ಬ ನರ್ಸ್ ಮೂಲಕ ಎರಡಕ್ಕೂ ಒಟ್ಟಿಗೆ ಗಮನ ಕೊಟ್ಟಾಗ ಎರಡೂ ಸುಧಾರಿಸಿದವು. ಬರೀ ಮನಸ್ಸಿಗೆ, ಇಲ್ಲವೇ ಬರೀ ಸಕ್ಕರೆಗೆ ಮದ್ದು ಕೊಟ್ಟರೆ ಸಾಲದು ಎಂಬುದಕ್ಕೆ ಇದು ಗಟ್ಟಿಯಾದ ಸಾಕ್ಷ್ಯ.

ಭಾರತದಲ್ಲಿ ಈ ಚರ್ಚೆ ತಡವಾಗಿ ಶುರುವಾಯಿತು. 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬದುಕಿನ ಗುಣಮಟ್ಟದ ಪ್ರಶ್ನಾವಳಿ ರೂಪಿಸಿದಾಗ ದೆಹಲಿ ಮತ್ತು ಮದ್ರಾಸು ಅದರ ಕೇಂದ್ರಗಳಾಗಿದ್ದವು. 2001ರಲ್ಲಿ ಇನ್ಸುಲಿನ್ ತಯಾರಕ ಕಂಪನಿ ನೋವೋ ನಾರ್ಡಿಸ್ಕ್ ಪ್ರಾಯೋಜಿಸಿದ, ಮಧುಮೇಹಿಗಳ ಮನಸ್ಸು ಮತ್ತು ಬದುಕಿನ ಕುರಿತ ಡಾನ್ ಸಮೀಕ್ಷೆಯ 13 ದೇಶಗಳಲ್ಲಿ ಭಾರತವೂ ಇತ್ತು. 2010ರಲ್ಲಿ ದೆಹಲಿಯ ಸಂಶೋಧಕರು ಭಾರತೀಯ ಮಧುಮೇಹಿಗಳಿಗೆಂದೇ 34 ಪ್ರಶ್ನೆಗಳ ಅಳತೆಗೋಲು ಸಿದ್ಧಪಡಿಸಿದರು. ಚಿಕಿತ್ಸೆಯ ಖರ್ಚಿನ ಚಿಂತೆಗೆ ಅದರಲ್ಲಿ ಪ್ರತ್ಯೇಕ ಸ್ಥಾನವಿದೆ. ಔಷಧಿಗೆ ಕೈಯಿಂದಲೇ ಹಣ ಕೊಡುವ ನಾಡಿನಲ್ಲಿ ಆ ಪ್ರಶ್ನೆಯಿಲ್ಲದ ಅಳತೆಗೋಲು ಅರ್ಧ ಸತ್ಯವನ್ನೇ ಹೇಳುತ್ತದೆ.

ಚೆನ್ನೈ, ದೆಹಲಿ, ವಿಶಾಖಪಟ್ಟಣ ಮತ್ತು ಬೆಂಗಳೂರಿನ ನಾಲ್ಕು ಚಿಕಿತ್ಸಾಲಯಗಳಲ್ಲಿ 404 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಖಿನ್ನತೆ ಮತ್ತು ಮಧುಮೇಹಕ್ಕೆ ಒಟ್ಟಾಗಿ ಆರೈಕೆ ಪಡೆದವರಲ್ಲಿ ಎರಡು ವರ್ಷದ ಕೊನೆಗೆ ಸುಮಾರು 72% ಜನ ಎರಡೂ ಬಗೆಯ ಗುರಿ ಮುಟ್ಟಿದರು. ಎಂದಿನ ಚಿಕಿತ್ಸೆ ಪಡೆದವರಲ್ಲಿ ಈ ಪ್ರಮಾಣ ಸುಮಾರು 57%. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಇಂಥದೇ ಸಂಯುಕ್ತ ಆರೈಕೆಯನ್ನು ಗ್ರಾಮೀಣ ಕರ್ನಾಟಕದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷಿಸಿತು. ಮನೋವೈದ್ಯಕೀಯವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕೊಂಡೊಯ್ಯಬಹುದೆಂದು 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತ್ತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಆ ಮಾದರಿಯಿಂದ. ದಾರಿ ಗೊತ್ತಿಲ್ಲ ಎನ್ನುವ ಹಾಗಿಲ್ಲ.

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಇವರಲ್ಲಿ ಯಾರಿಗಾದರೂ ಬದುಕು ಭಾರವೆನಿಸಿದರೆ ಅದನ್ನು ಮುಂದಿನ ಭೇಟಿಯಲ್ಲಿ ವೈದ್ಯರು ಕೇಳದಿದ್ದರೂ ಹೇಳಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿಯ ಉಚಿತ ಸಂಖ್ಯೆ 14416. ಹಗಲಿರುಳೂ ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.