ಪೇಟೆಯಲ್ಲಿ ಇಳಿದುಕೊಳ್ಳುವುದು ಎಲ್ಲಿ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಜನ ಹಿಂದೆ ಬೆಂಗಳೂರಿಗೆ ಹೊರಟಾಗ ಮೊದಲು ಏಳುತ್ತಿದ್ದ ಪ್ರಶ್ನೆ, ‘ಎಲ್ಲಿ ಇಳಿದುಕೊಳ್ಳುವುದು?’ ಕೋರ್ಟು, ಆಸ್ಪತ್ರೆ, ಕಾಲೇಜುಗಳ ಕೆಲಸ ಆಮೇಲಿನದು. ಇದಕ್ಕೆ ಉತ್ತರ ಕಿಸೆಯ ಹಣಕ್ಕಿಂತ ಹೆಚ್ಚಾಗಿ ಜಾತಿ ಮತ್ತು ನಂಟಸ್ತಿಕೆಯನ್ನು ಅವಲಂಬಿಸಿತ್ತು.

1899ರಲ್ಲಿ ಬೀರೂರು–ಶಿವಮೊಗ್ಗ ರೈಲುಮಾರ್ಗ ತೆರೆಯಿತು. ಮುಂದೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಸಣ್ಣ ಹಳಿಯ ರೈಲೂ ಬಂತು. ಮಲೆನಾಡಿಗೆ ರಾಜಧಾನಿ ಹತ್ತಿರವಾಯಿತು. ಆದರೆ ರೈಲು ಎಲ್ಲರನ್ನೂ ಒಂದೇ ನಿಲ್ದಾಣದಲ್ಲಿ ಇಳಿಸಿದರೂ ಅಲ್ಲಿಂದ ಮುಂದಿನ ದಾರಿ ಒಂದೇ ಆಗಿರಲಿಲ್ಲ. ಬಂಧುಗಳಿದ್ದವರು ಅವರ ಮನೆಗೆ ಹೋಗುತ್ತಿದ್ದರು. ಶೃಂಗೇರಿ ಮಠದ ಸಂಪರ್ಕವಿದ್ದವರಿಗೆ ಶಂಕರಪುರದ ಶಂಕರಮಠ ಪರಿಚಯದ ವಿಳಾಸ. ಉಳಿದವರಿಗೆ ಛತ್ರವೇ ಗತಿ.

ವರ್ತಕ ಗುಬ್ಬಿ ತೋಟದಪ್ಪನವರು ರೈಲು ನಿಲ್ದಾಣದ ಸಮೀಪ ಕಟ್ಟಿಸಿದ ಧರ್ಮಛತ್ರವನ್ನು 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಉದ್ಘಾಟಿಸಿದರು. ಊರು ತಿಳಿಯದ ಪ್ರಯಾಣಿಕನಿಗೆ ಇಳಿದ ಕೂಡಲೇ ಸೂರು ಸಿಗುವಂತಾದದ್ದು ಸಣ್ಣ ಮಾತಲ್ಲ. ಆದರೂ ಆ ಕಾಲದ ಎಷ್ಟೋ ಛತ್ರಗಳಲ್ಲಿ ಅಡಿಗೆ, ಪಂಕ್ತಿ, ಬಾವಿಗಳು ಜಾತಿಗೆ ತಕ್ಕಂತೆ ಬೇರೆಯಾಗಿದ್ದವು. ದಲಿತರಿಗೆ ಬಾಗಿಲೇ ತೆರೆಯುತ್ತಿರಲಿಲ್ಲ.

ಓದಲು ನಗರಕ್ಕೆ ಬಂದ ಹುಡುಗರಿಗೆ ಇದು ಇನ್ನೂ ದೊಡ್ಡ ಪ್ರಶ್ನೆ. ಎರಡು ದಿನದ ಛತ್ರವಾಸದಲ್ಲಿ ಪದವಿ ಮುಗಿಯುವುದಿಲ್ಲ. ವಸತಿಯಿಲ್ಲದಿದ್ದರೆ ವಿದ್ಯೆಯೂ ಇಲ್ಲ. ಆದ್ದರಿಂದಲೇ 1906ರಲ್ಲಿ ಸ್ಥಾಪನೆಯಾದ ಒಕ್ಕಲಿಗರ ಸಂಘದಂಥ ಸಮುದಾಯ ಸಂಸ್ಥೆಗಳು ವಿದ್ಯಾರ್ಥಿನಿಲಯಗಳಿಗೆ ಗಮನ ಕೊಟ್ಟವು. ಗೋಪಾಲಸ್ವಾಮಿ ಅಯ್ಯರ್ ಅವರು ದಲಿತ ವಿದ್ಯಾರ್ಥಿಗಳಿಗಾಗಿ ಬೆಂಗಳೂರಿನಲ್ಲಿ ನಿಲಯ ನಡೆಸಿದರು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಮೈಸೂರಿಗೆ ಓದಲು ಹೋದಾಗ ಅವರಿಗೆ ಆಸರೆಯಾದದ್ದು ಶ್ರೀರಾಮಕೃಷ್ಣಾಶ್ರಮ. ಅನೇಕ ವರ್ಷ ಅವರು ಅಲ್ಲಿಯೇ ಇದ್ದರು.

ಬಸ್ಸುಗಳು ಹೆಚ್ಚಿದಂತೆ ಈ ಚಿತ್ರ ಬದಲಾಯಿತು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಬಸ್ ನಿಲ್ದಾಣ ಎದ್ದಿತು. ಸುತ್ತಲಿನ ಮೆಜೆಸ್ಟಿಕ್, ಗಾಂಧಿನಗರಗಳಲ್ಲಿ ಲಾಡ್ಜುಗಳು ಬೆಳೆದವು. ಲಾಡ್ಜಿನ ಪುಸ್ತಕದಲ್ಲಿ ಹೆಸರು, ಊರು ಬರೆದು ಮುಂಗಡ ಕೊಟ್ಟರೆ ಕೀಲಿಕೈ ಸಿಗುತ್ತಿತ್ತು, ಗೋತ್ರ ಹೇಳಬೇಕಾಗಿರಲಿಲ್ಲ. ಛತ್ರದ ಅಕ್ಕರೆ ಅಲ್ಲಿಲ್ಲ, ಹಣವಿಲ್ಲದವನಿಗೆ ಜಾಗವೂ ಇಲ್ಲ. ಆದರೆ ಜಾತಿಯ ಕಾರಣಕ್ಕೆ ಜಗಲಿಯಲ್ಲೇ ನಿಲ್ಲಬೇಕಾಗಿದ್ದವನಿಗೆ ಅದು ದೊಡ್ಡ ಬಿಡುಗಡೆ. ಒಂದೆರಡು ರಾತ್ರಿಯ ಮಟ್ಟಿಗೆ ಅಳಿದ ಆ ಹಳೆಯ ಪ್ರಶ್ನೆ, ಬಾಡಿಗೆ ಮನೆ ಹುಡುಕುವವರಿಗೆ ಇಂದಿಗೂ ಎದುರಾಗುತ್ತಿದೆ.