ಯುದ್ಧೋತ್ತರ ಬೆಂಗಳೂರಿನ ಕಾಲ್ಚೆಂಡಾಟ: ಮೊಹಲ್ಲಾದಿಂದ ಕಾರ್ಖಾನೆಗೆ

ರಾಜವಂಶಗಳ ಏಳುಬೀಳುಗಳನ್ನೂ ಶಾಸನಗಳ ಪಾಠಭೇದಗಳನ್ನೂ ಕುರಿತು ಬರೆಯುವ ಇತಿಹಾಸಕಾರನು ಆಟದ ಬಯಲಿನ ಕಡೆಗೆ ಕಣ್ಣು ಹಾಯಿಸುವುದು ಅಪರೂಪ. ಆದರೆ ಒಂದು ನಗರದ ಜನರು ಎಲ್ಲಿ ದುಡಿದರು, ಎಲ್ಲಿ ನೆಲೆಸಿದರು, ಬಿಡುವಿನ ವೇಳೆಯಲ್ಲಿ ಯಾವ ತಂಡದ ಹೆಸರು ಹಿಡಿದು ಕೂಗಿದರು ಎಂಬುದೂ ಚರಿತ್ರೆಯ ಸಾಮಗ್ರಿಯೇ ಸರಿ. ಎರಡನೆಯ ಮಹಾಯುದ್ಧದ ತರುವಾಯ ಬೆಂಗಳೂರಿನ ಕಾಲ್ಚೆಂಡಾಟವು ದಂಡು ಪ್ರದೇಶದ ಮೊಹಲ್ಲಾಗಳಿಂದ ಹೊರವಲಯದ ಕಾರ್ಖಾನೆಗಳ ಆಶ್ರಯಕ್ಕೆ ಸರಿದ ಬಗೆಯನ್ನೂ, ಆ ಆಶ್ರಯದ ಫಲಾಫಲಗಳನ್ನೂ ನಾವು ಇಲ್ಲಿ ವಿವೇಚಿಸುತ್ತೇವೆ.

ಈ ಆಟವನ್ನು ಬೆಂಗಳೂರಿಗೆ ತಂದವರು ದಂಡಿನ ಬ್ರಿಟಿಷ್ ಸೈನಿಕರು. ಅವರ ಆಟವನ್ನು ನೋಡಿ ಕಲಿತವರು ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನ್ ಮೊದಲಾದ ಬಡಾವಣೆಗಳ ಸಾಮಾನ್ಯ ಕುಟುಂಬಗಳ ಹುಡುಗರು. ಕಲಿತ ವಿದ್ಯೆಯು ಬಹುಬೇಗ ಗುರುವನ್ನೇ ಮೀರಿಸಿತು. ಮುಂಬಯಿಯ ರೋವರ್ಸ್ ಕಪ್ ೧೮೯೧ರಿಂದಲೂ ಬ್ರಿಟಿಷ್ ಸೈನಿಕ ತಂಡಗಳ ಸ್ವತ್ತಾಗಿತ್ತು; ೧೯೩೭ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡವೆಂಬ ಕೀರ್ತಿ ಬೆಂಗಳೂರು ಮುಸ್ಲಿಮ್ಸ್ ತಂಡಕ್ಕೆ ಸಂದಿತು. ಮರುವರ್ಷವೂ ಆ ತಂಡವೇ ಗೆದ್ದಿತು.

ಯುದ್ಧ ಮುಗಿದ ಮೇಲೆ, ೧೯೪೬-೪೭ರ ಸಾಲಿನಲ್ಲಿ, ಸಂತೋಷ್ ಟ್ರೋಫಿ ಪಂದ್ಯಾವಳಿ ಬೆಂಗಳೂರಿನಲ್ಲಿ ನಡೆಯಿತು. ಅಂತಿಮ ಪಂದ್ಯದಲ್ಲಿ ಮೈಸೂರು ತಂಡವು ಬಂಗಾಳವನ್ನು ಸೋಲಿಸಿತು. ೧೯೪೭ರ ಜುಲೈ ೨೬ರಂದು ದಂಡು ಪ್ರದೇಶವು ಮೈಸೂರು ಸಂಸ್ಥಾನಕ್ಕೆ ಮರಳಿತು. ಅದರ ಮರುವರ್ಷವಾದ ೧೯೪೮ ನಮ್ಮ ವಿಷಯಕ್ಕೆ ಸಂಧಿಕಾಲವೆನ್ನಬಹುದು. ಆ ವರ್ಷ ಬೆಂಗಳೂರು ಮುಸ್ಲಿಮ್ಸ್ ಮೂರನೆಯ ಬಾರಿ ರೋವರ್ಸ್ ಕಪ್ ಗೆದ್ದಿತು. ಲಂಡನ್ ಒಲಿಂಪಿಕ್ಸ್‌ಗೆ ಹೊರಟ ಭಾರತ ತಂಡದಲ್ಲಿ ಮೈಸೂರಿನ ಆಟಗಾರರು ಹಲವರಿದ್ದರು. ಜುಲೈ ೩೧ರಂದು ಇಲ್ಫರ್ಡ್‌ನಲ್ಲಿ ಫ್ರಾನ್ಸಿಗೆ ಎದುರಾದ ಆ ತಂಡದ ಬಹುಪಾಲು ಆಟಗಾರರು ಬರಿಗಾಲಿನಲ್ಲಿ ಆಡಿದರು. ಎರಡು ಪೆನಾಲ್ಟಿ ಅವಕಾಶಗಳು ವ್ಯರ್ಥವಾಗಿ ಭಾರತವು ೧-೨ರಿಂದ ಸೋತಿತು. ಭಾರತದ ಏಕೈಕ ಗೋಲನ್ನು ಹೊಡೆದವರು ಮೈಸೂರಿನ ಸಾರಂಗಪಾಣಿ ರಾಮನ್. ಅದೇ ೧೯೪೮ರಲ್ಲಿ ನಗರದ ಪೂರ್ವಕ್ಕೆ, ಹಳೆಯ ಮದರಾಸು ರಸ್ತೆಯಲ್ಲಿ, ದೂರವಾಣಿ ಕಾರ್ಖಾನೆಯು ಸ್ಥಾಪಿತವಾಯಿತು. ಅಂದು ಈ ಸಂಗತಿಗೂ ಕಾಲ್ಚೆಂಡಿಗೂ ಸಂಬಂಧ ಕಲ್ಪಿಸಿದವರು ವಿರಳವಾಗಿದ್ದಿರಬೇಕು.

ಆಟಗಾರನಿಗೆ ಕೀರ್ತಿ ದೊರೆತರೂ ಜೀವನೋಪಾಯ ದೊರೆಯುತ್ತಿರಲಿಲ್ಲ. ಆಟವು ಹೆಸರಿಗೆ ಹವ್ಯಾಸ. ಹೊಟ್ಟೆಪಾಡಿಗೆ ಬೇರೆ ದಾರಿ ಹುಡುಕಬೇಕಾಗಿತ್ತು. ಅನುಕೂಲವೂ ಹೆಸರೂ ಉಳ್ಳ ಸಂಘಗಳು ಕಲಕತ್ತೆಯಲ್ಲಿದ್ದವು. ಬೆಂಗಳೂರಿನ ಅಹಮದ್ ಖಾನ್ ಅಲ್ಲಿನ ಈಸ್ಟ್ ಬೆಂಗಾಲ್ ಸೇರಿ, ಆ ಸಂಘದ ‘ಪಂಚಪಾಂಡವ’ರೆಂದು ಪ್ರಸಿದ್ಧರಾದ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರೆನಿಸಿದರು. ೧೯೫೨ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯವು ಭಾರತವನ್ನು ೧೦-೧ರಿಂದ ಸೋಲಿಸಿದಾಗ ಆ ಒಂದು ಗೋಲು ಅವರದೇ. ಆ ಸೋಲಿನ ಬಳಿಕ ಭಾರತದಲ್ಲಿ ಬೂಟು ಧರಿಸುವುದು ಕಡ್ಡಾಯವಾಯಿತು. ಬರಿಗಾಲಿನ ಯುಗ ಅಲ್ಲಿಗೆ ಮುಗಿಯಿತು.

ಇತ್ತ ಬೆಂಗಳೂರಿನ ಸುತ್ತ ಕಾರ್ಖಾನೆಗಳು ತಲೆಯೆತ್ತಿದವು. ವಿಮಾನ ಕಾರ್ಖಾನೆ ೧೯೪೦ರಲ್ಲೇ ಪ್ರಾರಂಭವಾಗಿತ್ತು. ೧೯೫೩ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, ೧೯೫೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್, ಎರಡೂ ಜಾಲಹಳ್ಳಿಯಲ್ಲಿ ಸ್ಥಾಪಿತವಾದವು. ಹೀಗೆ ಪೂರ್ವದಲ್ಲಿ ವೈಟ್‌ಫೀಲ್ಡ್ ದಿಕ್ಕಿಗೂ ವಾಯವ್ಯದಲ್ಲಿ ಪೀಣ್ಯದ ದಿಕ್ಕಿಗೂ ನಗರವು ಬೆಳೆಯಿತು. ಈ ಸಾರ್ವಜನಿಕ ಉದ್ಯಮಗಳು ಕಾರ್ಮಿಕರಿಗೆ ವಸತಿ, ಶಾಲೆ, ಆಸ್ಪತ್ರೆಗಳ ಜೊತೆಗೆ ಆಟದ ಬಯಲನ್ನೂ ಒದಗಿಸಿದವು. ಚೆನ್ನಾಗಿ ಆಡುವ ಯುವಕನಿಗೆ ಕಾರ್ಖಾನೆಯಲ್ಲಿ ಕೆಲಸ ದೊರೆಯಿತು. ತಿಂಗಳ ಸಂಬಳ, ಭವಿಷ್ಯನಿಧಿಗಳ ಭರವಸೆಯಿಂದ ಆತನು ಊರಿನಲ್ಲೇ ಉಳಿಯುವುದು ಸಾಧ್ಯವಾಯಿತು.

ಫಲವೂ ಕಾಣಿಸಿತು. ಮೈಸೂರು ತಂಡವು ೧೯೫೨-೫೩, ೧೯೬೭-೬೮ ಮತ್ತು ೧೯೬೮-೬೯ರ ಸಾಲುಗಳಲ್ಲಿ ಸಂತೋಷ್ ಟ್ರೋಫಿಯನ್ನು ಮತ್ತೆ ಗೆದ್ದಿತು. ಈ ಮೂರು ಸಲವೂ ಅಂತಿಮ ಪಂದ್ಯದ ಎದುರಾಳಿ ಬಂಗಾಳವೇ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ನಾಲ್ಕು ವರ್ಷಗಳ ಮೇಲೆ, ೧೯೭೭ರಲ್ಲಿ, ಮೊಟ್ಟಮೊದಲ ಫೆಡರೇಷನ್ ಕಪ್ಪಿನ ಅಂತಿಮ ಪಂದ್ಯದಲ್ಲಿ ದೂರವಾಣಿ ಕಾರ್ಖಾನೆಯ ತಂಡವು ಮೋಹನ್ ಬಾಗಾನ್‌ನಂತಹ ಪುರಾತನ ಸಂಘವನ್ನು ಮಣಿಸಿತು. ಹಗಲು ಯಂತ್ರದ ಬಳಿ ದುಡಿಯುವವರ ತಂಡವೊಂದು ದೇಶದ ಅಗ್ರಪಂಕ್ತಿಗೆ ಏರಿತು.

ಆದರೆ ಆಶ್ರಯದಲ್ಲಿ ಬೆಳೆದ ಕಲೆಗೆ ಆಶ್ರಯದಾತನ ಭಾಗ್ಯವೇ ಭಾಗ್ಯ. ೧೯೯೧ರ ಆರ್ಥಿಕ ನೀತಿಯ ತರುವಾಯ ಸಾರ್ವಜನಿಕ ಉದ್ಯಮಗಳಲ್ಲಿ ನೇಮಕಗಳು ಕುಗ್ಗಿದವು. ದೂರವಾಣಿ ಕಾರ್ಖಾನೆಯ ವ್ಯಾಪಾರವೇ ಇಳಿಯಿತು. ವಿಮಾನ ಕಾರ್ಖಾನೆಯ ತಂಡವು ೨೦೧೨ರಲ್ಲಿ ಐ-ಲೀಗಿನಿಂದ ಕೆಳಗಿಳಿಯಿತು. ಮರುವರ್ಷ ಖಾಸಗಿ ಬಂಡವಾಳದ ಬೆಂಗಳೂರು ಎಫ್‌ಸಿ ಜನ್ಮತಾಳಿತು. ಕರ್ನಾಟಕವು ೨೦೨೩ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಪಡೆಯುವ ವೇಳೆಗೆ ಹಿಂದಿನ ಗೆಲುವಿನಿಂದ ೫೪ ವರ್ಷಗಳು ಸಂದಿದ್ದವು.

ಮೇಲಿನ ವಿವೇಚನೆಯಿಂದ ನಮಗೆ ತೋರುವುದಿಷ್ಟು: ಬೆಂಗಳೂರಿಗೆ ಪ್ರತಿಭೆಯ ಕೊರತೆ ಯುದ್ಧಕ್ಕೆ ಮುಂಚೆಯೂ ಇರಲಿಲ್ಲ, ಕಾರ್ಖಾನೆಗಳು ಸೃಷ್ಟಿಸಿದ್ದು ಆಟಗಾರನನ್ನಲ್ಲ, ಆತನ ಬದುಕಿನ ನಿಶ್ಚಿಂತೆಯನ್ನು. ಆ ಕಾಲದ ಆಟಗಾರರೂ ಪ್ರೇಕ್ಷಕರೂ ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ವಿಮಾನಪುರ, ದೂರವಾಣಿನಗರ, ಜಾಲಹಳ್ಳಿಗಳ ಸಮೀಪದ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ನಿವೃತ್ತ ಕಾರ್ಮಿಕರ ಮನೆಬಾಗಿಲಿಗೆ ಹೋಗಿ, ಅವರ ನೆನಪುಗಳನ್ನೂ ಹಳೆಯ ಭಾವಚಿತ್ರಗಳನ್ನೂ ಸಂಗ್ರಹಿಸಿದರೆ, ಶಿಲಾಶಾಸನಕ್ಕಿಂತ ಬೇಗ ಅಳಿಯುವ ಈ ಆಧಾರಗಳು ಉಳಿದಾವು.