ಬ್ಯಾಸ್ಕೆಟ್‌ಬಾಲ್ ಕ್ರೀಡೆಯಲ್ಲಿ ದೇಶರೀತಿಗಳೂ ಶ್ರೇಷ್ಠತೆಯ ವಿಚಾರವೂ

ದೇಶದ ಹೆಸರಿನಿಂದ ರೀತಿಯನ್ನು ಕರೆಯುವ ಪದ್ಧತಿ ನಮ್ಮ ಅಲಂಕಾರಶಾಸ್ತ್ರದಲ್ಲಿ ಬಹು ಪ್ರಾಚೀನವಾದುದು. ದಂಡಿಯು ವೈದರ್ಭ, ಗೌಡ ಎಂಬ ಎರಡು ಮಾರ್ಗಗಳನ್ನು ಹೇಳಿದನು. ವಾಮನನು ಪಾಂಚಾಲಿಯನ್ನೂ ಸೇರಿಸಿ ರೀತಿಗಳನ್ನು ಮೂರು ಮಾಡಿ, ರೀತಿಯೇ ಕಾವ್ಯದ ಆತ್ಮವೆಂದು ಸಾಧಿಸಿದನು. ಕನ್ನಡದಲ್ಲಿ ಕವಿರಾಜಮಾರ್ಗವು ದಕ್ಷಿಣೋತ್ತರ ಮಾರ್ಗಗಳ ಭೇದವನ್ನು ವಿವರಿಸಿತು. ದೇಶವೇ ರೀತಿಗೆ ಕಾರಣವೋ, ಅಥವಾ ದೇಶನಾಮವು ಕೇವಲ ಗುರುತಿನ ಚೀಟಿಯೋ ಎಂಬ ಪ್ರಶ್ನೆಯು ಆಗಲೇ ಹುಟ್ಟಿತ್ತು. ಅದೇ ಪ್ರಶ್ನೆಯು ಇಂದು ಕಾವ್ಯದಿಂದ ಬಹುದೂರವಾದ ಒಂದು ಕ್ಷೇತ್ರದಲ್ಲಿ, ಎಂದರೆ ಬ್ಯಾಸ್ಕೆಟ್‌ಬಾಲ್ ಕ್ರೀಡೆಯಲ್ಲಿ, ಎದ್ದು ಕಾಣುತ್ತಿದೆ. ಅಮೆರಿಕದ ರೀತಿ, ಯೂರೋಪಿನ ರೀತಿ, ದಕ್ಷಿಣ ಅಮೆರಿಕದ ರೀತಿ ಎಂಬ ಮಾತುಗಳು ಎಲ್ಲರ ಬಾಯಲ್ಲಿಯೂ ಇವೆ; ಆ ಮಾತುಗಳ ಬಲದಿಂದಲೇ ಆಟಗಾರರ ತಾರತಮ್ಯವೂ ನಿರ್ಣಯವಾಗುತ್ತಿದೆ. ಈ ನಿರ್ಣಯವು ಎಷ್ಟರಮಟ್ಟಿಗೆ ಪ್ರಮಾಣಸಿದ್ಧವೆಂಬುದನ್ನು ಇತಿಹಾಸಮುಖದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಈ ಕ್ರೀಡೆಯ ಉತ್ಪತ್ತಿಯು ಪುರಾಣದ ಮಸುಕಿನಲ್ಲಿ ಮರೆಯಾದುದಲ್ಲ. ಕೆನಡಾ ದೇಶದಲ್ಲಿ ಜನಿಸಿದ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯನು 1891ರ ಡಿಸೆಂಬರ್ ತಿಂಗಳಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ, ಚಳಿಗಾಲದಲ್ಲಿ ಮನೆಯೊಳಗೆ ಆಡಬಹುದಾದ ಆಟವೊಂದು ಬೇಕಾಗಿ ಇದನ್ನು ಕಲ್ಪಿಸಿದನು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಕಟ್ಟಿಸಿ, ಹದಿನೆಂಟು ಮಂದಿ ವಿದ್ಯಾರ್ಥಿಗಳನ್ನು ಎರಡು ಪಕ್ಷವಾಗಿ ವಿಭಾಗಿಸಿ, ಹದಿಮೂರು ನಿಯಮಗಳನ್ನು ಬರೆದು ಆಡಿಸಿದನು. ಆ ನಿಯಮಗಳಲ್ಲಿ ಮುಖ್ಯವಾದುದು, ಚೆಂಡನ್ನು ಹಿಡಿದುಕೊಂಡು ಓಡಕೂಡದೆಂಬುದು. ಹಿಡಿದವನು ಹಿಡಿದ ಸ್ಥಳದಿಂದಲೇ ಅದನ್ನು ಎಸೆಯಬೇಕಾಗಿತ್ತು. ಚೆಂಡನ್ನು ನೆಲಕ್ಕೆ ಪುಟಿಸುತ್ತ ಒಬ್ಬನೇ ಮುನ್ನುಗ್ಗುವ ಕೌಶಲವು ಕಾಲಕ್ರಮದಲ್ಲಿ ಬೆಳೆದು ಬಂದುದೇ ಹೊರತು ಮೂಲದಲ್ಲಿ ಇರಲಿಲ್ಲ. ಹೀಗೆ ಮೂಲಸ್ವರೂಪದಲ್ಲಿ ಈ ಆಟವು ಪರಸ್ಪರ ಸಹಕಾರದ ಆಟವಾಗಿದ್ದಿತೆಂಬುದು ಗಮನಾರ್ಹ. ಇಂದು ‘ಯೂರೋಪಿನ ರೀತಿ’ ಎಂದು ಹೊಗಳಿಸಿಕೊಳ್ಳುವ ಗುಣವು ಅಮೆರಿಕದ ನೆಲದಲ್ಲಿ ಬರೆದ ಮೊದಲನೆಯ ನಿಯಮಪತ್ರದಲ್ಲಿಯೇ ಅಡಗಿದೆ.

ನಿಯಮವೇ ರೀತಿಯನ್ನು ನಿರ್ಮಿಸುತ್ತದೆಂಬುದಕ್ಕೆ ಅತಿ ಪ್ರಾಚೀನವಾದ ನಿದರ್ಶನವೊಂದು ಸ್ಮಿತ್ ಮಹಿಳಾ ಕಾಲೇಜಿನಲ್ಲಿ ದೊರೆಯುತ್ತದೆ. ಅಲ್ಲಿಯ ಉಪಾಧ್ಯಾಯಿನಿ ಸೆಂಡಾ ಬೆರೆನ್ಸನ್ 1892ರಲ್ಲಿ ಈ ಆಟವನ್ನು ತನ್ನ ವಿದ್ಯಾರ್ಥಿನಿಯರಿಗೆ ಕಲಿಸಿದಳು. ಆಕೆ ಅಂಗಣವನ್ನು ಮೂರು ಭಾಗ ಮಾಡಿ, ಆಟಗಾರ್ತಿಯರು ತಮ್ಮ ತಮ್ಮ ಭಾಗವನ್ನು ದಾಟಕೂಡದೆಂದೂ, ಎದುರಾಳಿಯ ಕೈಯಿಂದ ಚೆಂಡನ್ನು ಕಿತ್ತುಕೊಳ್ಳಕೂಡದೆಂದೂ ವಿಧಿಸಿದಳು. ಬುಟ್ಟಿಯೂ ಚೆಂಡೂ ಅವೇ ಆಗಿದ್ದರೂ, ದೇಶವೂ ಅದೇ ಆಗಿದ್ದರೂ, ವಿಧಿನಿಷೇಧಗಳು ಬೇರೆಯಾದುದರಿಂದ ಆಟದ ಸ್ವರೂಪವೇ ಬೇರೆಯಾಯಿತು.

ಕ್ರೈಸ್ತ ಯುವಕರ ಸಂಘಗಳ ಮೂಲಕ ಈ ಕ್ರೀಡೆಯು ಶೀಘ್ರವಾಗಿ ದೇಶಾಂತರಗಳಿಗೆ ಹಬ್ಬಿತು. 1932ರಲ್ಲಿ ಜಿನೀವಾ ನಗರದಲ್ಲಿ ಎಂಟು ರಾಷ್ಟ್ರಗಳು ಸೇರಿ ಫೀಬಾ ಎಂಬ ಅಂತರರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದುವು. 1936ರ ಬರ್ಲಿನ್ ಒಲಿಂಪಿಕ್ ಕೂಟದಲ್ಲಿ ಈ ಆಟಕ್ಕೆ ಸ್ಥಾನ ದೊರೆಯಿತು. ಬಯಲಿನ ಮಣ್ಣಿನ ಅಂಗಣದಲ್ಲಿ, ಸುರಿಯುವ ಮಳೆಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಅಮೆರಿಕವು ಕೆನಡಾವನ್ನು 19-8 ಅಂಕಗಳಿಂದ ಸೋಲಿಸಿತು. ಆ ವಿಜಯೀ ತಂಡದಲ್ಲಿದ್ದ ಫ್ರಾಂಕ್ ಲೂಬಿನ್ ಲಿಥುವೇನಿಯಾ ಮೂಲದವನು. ಅವನು ಪಿತೃಭೂಮಿಗೆ ಹೋಗಿ ಅಲ್ಲಿಯವರಿಗೆ ಆಟವನ್ನು ಬೋಧಿಸಿದನು. ಅವನನ್ನೊಳಗೊಂಡ ಲಿಥುವೇನಿಯಾ ತಂಡವು 1939ರಲ್ಲಿ ಕೌನಾಸ್ ನಗರದಲ್ಲಿ ಯೂರೋಪಿನ ಪ್ರಶಸ್ತಿಯನ್ನು ಗೆದ್ದಿತು. ಅದೇ ಕೌನಾಸಿನಲ್ಲಿ 1964ರಲ್ಲಿ ಜನಿಸಿದ ಆರ್ವಿದಾಸ್ ಸಬೋನಿಸ್, 1988ರ ಸೋಲ್ ಒಲಿಂಪಿಕ್ ಕೂಟದಲ್ಲಿ ಸೋವಿಯತ್ ತಂಡದ ಪರವಾಗಿ ಆಡಿ, 82-76 ಅಂಕಗಳಿಂದ ಅಮೆರಿಕದ ಪರಾಭವಕ್ಕೆ ಮುಖ್ಯ ಕಾರಣನಾದನು. ಅಮೆರಿಕದಿಂದ ಬಂದ ವಿದ್ಯೆಯೇ ಅರ್ಧ ಶತಮಾನದ ತರುವಾಯ ಅಮೆರಿಕವನ್ನು ಸೋಲಿಸಿತು. ಇದನ್ನು ಯಾವ ದೇಶದ ರೀತಿಯೆಂದು ಕರೆಯಬೇಕು?

ಇಲ್ಲಿ ಪೂರ್ವಪಕ್ಷವು ಹೀಗಿದೆ: ಅಮೆರಿಕದವರು ಸ್ವಭಾವತಃ ವ್ಯಕ್ತಿಪ್ರಧಾನರು, ಆದುದರಿಂದ ಅವರ ಆಟವು ಬಲ, ವೇಗ, ನೆಗೆತಗಳಿಂದ ಕೂಡಿ ಒಬ್ಬೊಬ್ಬನ ಸಾಹಸವಾಗಿ ಪರಿಣಮಿಸುತ್ತದೆ. ಯೂರೋಪಿನವರು ಸಮುದಾಯಪ್ರಧಾನರು, ಆದುದರಿಂದ ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತ ತಾಳ್ಮೆಯಿಂದ ದೂರದ ಎಸೆತಕ್ಕೆ ಅವಕಾಶ ಹುಡುಕುತ್ತಾರೆ. ದಕ್ಷಿಣ ಅಮೆರಿಕದವರು ಭಾವಪ್ರಧಾನರು. ಅವರ ಆಟವು ಆವೇಶದ ಆಟ. ಹೀಗೆ ಜನಸ್ವಭಾವವೇ ರೀತಿಗೆ ಬೀಜವೆಂಬುದು ಈ ಮತದ ಸಾರ. ಇದು ಕೇಳುವುದಕ್ಕೆ ರಮಣೀಯವಾಗಿದ್ದರೂ ಅನ್ವಯವ್ಯತಿರೇಕಗಳ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ.

ಮೊದಲು ನಿಯಮಭೇದವನ್ನು ನೋಡಬೇಕು. 1950ರ ನವೆಂಬರ್ 22ರಂದು ಅಮೆರಿಕದ ವೃತ್ತಿಪರ ಪಂದ್ಯವೊಂದರಲ್ಲಿ ಫೋರ್ಟ್ ವೇನ್ ತಂಡವು ಮಿನಿಯಾಪೊಲಿಸ್ ತಂಡವನ್ನು 19-18ರಿಂದ ಗೆದ್ದಿತು. ಜಾರ್ಜ್ ಮೈಕನ್ ಎಂಬ ಮಹಾಕಾಯನಿಗೆ ಹೆದರಿದ ಎದುರಾಳಿಗಳು ಚೆಂಡನ್ನು ಕೈಯಲ್ಲಿಟ್ಟುಕೊಂಡು ಹೊತ್ತು ಕಳೆದುದೇ ಇಷ್ಟು ಅಲ್ಪವಾದ ಅಂಕಗಳಿಗೆ ಕಾರಣ. ಇಂತಹ ಜಡತೆಯನ್ನು ತಪ್ಪಿಸುವುದಕ್ಕಾಗಿ 1954ರಲ್ಲಿ ಡ್ಯಾನಿ ಬಿಯಾಸೋನ್ ಎಂಬ ತಂಡದ ಒಡೆಯನ ಸಲಹೆಯಂತೆ, 24 ಸೆಕೆಂಡುಗಳೊಳಗೆ ಬುಟ್ಟಿಯತ್ತ ಎಸೆಯಲೇಬೇಕೆಂಬ ನಿಯಮವು ಎನ್.ಬಿ.ಎ. ಸಂಘದಲ್ಲಿ ಜಾರಿಗೆ ಬಂದಿತು. ಒಂದು ಪಂದ್ಯದ 48 ನಿಮಿಷಗಳಿಗೆ 2880 ಸೆಕೆಂಡುಗಳು, ಉಭಯ ಪಕ್ಷಗಳಿಗೂ ಸೇರಿ 120 ಎಸೆತಗಳು, ಭಾಗಿಸಿದರೆ 24. ಫೀಬಾ ಸಂಘವು 1956ರಲ್ಲಿ ವಿಧಿಸಿದ ಕಾಲಮಿತಿಯಾದರೋ 30 ಸೆಕೆಂಡುಗಳದು. ಅದು 24ಕ್ಕೆ ಇಳಿದುದು 2000ದಲ್ಲಿ. ನಲವತ್ತನಾಲ್ಕು ವರ್ಷಗಳ ಕಾಲ ಪ್ರತಿಯೊಂದು ಸರದಿಯಲ್ಲಿಯೂ ಆರು ಸೆಕೆಂಡುಗಳ ಬಿಡುವು ಹೆಚ್ಚಾಗಿದ್ದವರಲ್ಲಿ ತಾಳ್ಮೆ ಬೆಳೆದುದು ಆಶ್ಚರ್ಯವಲ್ಲ.

ಇಷ್ಟೇ ಅಲ್ಲ. ಬುಟ್ಟಿಯ ಸುತ್ತಲಿನ ಪ್ರದೇಶವನ್ನೇ ಎಲ್ಲರೂ ಸೇರಿ ಕಾಯುವ ವಲಯರಕ್ಷಣೆಯನ್ನು ಎನ್.ಬಿ.ಎ. ಸಂಘವು 2001ರವರೆಗೆ ನಿಷೇಧಿಸಿದ್ದಿತು. ಒಬ್ಬನಿಗೊಬ್ಬನು ಕಾವಲು ನಿಲ್ಲುವುದೇ ಅಲ್ಲಿಯ ವಿಧಿ. ಆದುದರಿಂದ ಎದುರಿಗಿರುವ ಒಬ್ಬನನ್ನು ವಂಚಿಸಿ ನುಗ್ಗಬಲ್ಲವನಿಗೆ ಅಲ್ಲಿ ಅಗ್ರಸ್ಥಾನ ದೊರೆಯಿತು. ಫೀಬಾ ನಿಯಮದಲ್ಲಿ ವಲಯರಕ್ಷಣೆಯು ಶಾಸ್ತ್ರಸಮ್ಮತವಾಗಿದ್ದುದರಿಂದ ಅದನ್ನು ಭೇದಿಸಲು ದೂರದ ಎಸೆತವೂ ಚುರುಕಾದ ಹಸ್ತಾಂತರವೂ ಅವಶ್ಯಕವಾದುವು. ಬುಟ್ಟಿಯ ಕೆಳಗಿನ ನಿರ್ಬಂಧಿತ ಭಾಗವು 1956ರಿಂದ 2010ರವರೆಗೆ ಫೀಬಾ ಅಂಗಣಗಳಲ್ಲಿ ತಳದ ಕಡೆಗೆ ಅಗಲವಾಗುವ ಆಕಾರದಲ್ಲಿದ್ದಿತು. ಇದರಿಂದ ಎತ್ತರದ ಆಟಗಾರರು ಬುಟ್ಟಿಯಿಂದ ದೂರ ನಿಲ್ಲಬೇಕಾಗಿ, ಎಸೆಯುವುದನ್ನೂ ಚೆಂಡು ಹಂಚುವುದನ್ನೂ ಕಲಿತರು. ವ್ಯತಿರೇಕವೂ ಸ್ಪಷ್ಟವಾಗಿದೆ. 2001ರಲ್ಲಿ ನಿಷೇಧವು ತೊಲಗಿದ ಮೇಲೆ ಅಮೆರಿಕದಲ್ಲಿಯೂ ಕ್ರಮೇಣ ದೂರದ ಎಸೆತಗಳು ವೃದ್ಧಿಯಾದುವು. 2015-16ರ ಋತುವಿನಲ್ಲಿ ಸ್ಟೆಫನ್ ಕರ್ರಿ ಎಂಬ ಅಮೆರಿಕದ ಆಟಗಾರನು ಮೂರಂಕದ 402 ಎಸೆತಗಳನ್ನು ಸಾಧಿಸಿದನು. ಜನಸ್ವಭಾವವು ಬದಲಾಗಲಿಲ್ಲ, ನಿಯಮವು ಬದಲಾಯಿತು, ರೀತಿಯು ಅದನ್ನು ಹಿಂಬಾಲಿಸಿತು.

ಎರಡನೆಯ ಕಾರಣವು ಗುರುಪರಂಪರೆ. 1950ರಲ್ಲಿ ಬ್ಯೂನಸ್ ಐರಿಸ್ ನಗರದಲ್ಲಿ ನಡೆದ ಪ್ರಥಮ ವಿಶ್ವಕೂಟದಲ್ಲಿ ಯುಗೋಸ್ಲಾವಿಯ ತಂಡಕ್ಕೆ ದೊರೆತುದು ಕಟ್ಟಕಡೆಯ ಸ್ಥಾನ. ಬೆಲ್‌ಗ್ರೇಡಿನ ರೆಡ್ ಸ್ಟಾರ್ ಸಂಘದಲ್ಲಿ ಆಡಿದ್ದ ಪೊಪೊವಿಚ್, ಸ್ಟಾಂಕೊವಿಚ್, ಷಾಪರ್, ನಿಕೋಲಿಚ್ ಎಂಬ ನಾಲ್ವರು ಅನಂತರ ಶಿಕ್ಷಕರಾಗಿಯೂ ಸಂಘಟಕರಾಗಿಯೂ ಶ್ರಮಿಸಿ ಅಲ್ಲಿ ಒಂದು ಸಂಪ್ರದಾಯವನ್ನೇ ಕಟ್ಟಿದರು. ಇಪ್ಪತ್ತು ವರ್ಷಗಳ ತರುವಾಯ, 1970ರಲ್ಲಿ, ಲ್ಯುಬ್ಲಿಯಾನಾ ನಗರದಲ್ಲಿ ಅದೇ ದೇಶವು ಅಮೆರಿಕವನ್ನು 70-63ರಿಂದ ಸೋಲಿಸಿ ವಿಶ್ವಪ್ರಶಸ್ತಿಯನ್ನು ಪಡೆಯಿತು. ಸ್ಲಾವ ಜನಸ್ವಭಾವವೇ ಜಯಕ್ಕೆ ಕಾರಣವಾಗಿದ್ದರೆ 1950ರಲ್ಲಿ ಆ ಸ್ವಭಾವವು ಎಲ್ಲಿಗೆ ಹೋಗಿತ್ತು? ಇಪ್ಪತ್ತು ವರ್ಷಗಳಲ್ಲಿ ಜನರು ಬೇರೆಯಾಗಲಿಲ್ಲ, ಪಾಠವು ಬೇರೆಯಾಯಿತು.

ದೇಶವೊಂದರಲ್ಲಿ ರೀತಿಯು ಏಕರೂಪವಾಗಿರುತ್ತದೆಂಬುದೂ ಸಿದ್ಧವಲ್ಲ. 1972ರ ಮ್ಯೂನಿಕ್ ಒಲಿಂಪಿಕ್ ಕೂಟದಲ್ಲಿ ಅಮೆರಿಕದ ತಂಡಕ್ಕೆ ಶಿಕ್ಷಕನಾಗಿದ್ದವನು ಹೆನ್ರಿ ಐಬಾ. ನಿಧಾನ, ನಿಗ್ರಹ, ರಕ್ಷಣೆಗಳೇ ಅವನ ಮತ. ಸೋವಿಯತ್ ತಂಡಕ್ಕೆ 51-50ರಿಂದ ಸಂದ ಆ ಅಂತಿಮ ಪಂದ್ಯವು ಅಂತ್ಯದ ಮೂರು ಸೆಕೆಂಡುಗಳ ಪುನರಾವರ್ತನೆಯಿಂದಾಗಿ ವಿವಾದಗ್ರಸ್ತವಾಗಿ, ಅಮೆರಿಕದವರು ಬೆಳ್ಳಿಯ ಪದಕಗಳನ್ನು ಸ್ವೀಕರಿಸಲಿಲ್ಲವೆಂಬುದು ಲೋಕವಿದಿತ. 1992ರ ಬಾರ್ಸಿಲೋನಾ ಕೂಟದಲ್ಲಿ ಅದೇ ದೇಶದ ತಂಡವು ವಾಯುವೇಗದಿಂದ ಆಡಿ ಕ್ರೊಯೇಷಿಯಾವನ್ನು 117-85ರಿಂದ ಸೋಲಿಸಿತು. ಈ ಎರಡರಲ್ಲಿ ‘ಅಮೆರಿಕದ ರೀತಿ’ ಯಾವುದು? ಲಕ್ಷಣವನ್ನು ಒಂದಕ್ಕೆ ಹೊಂದಿಸಿದರೆ ಇನ್ನೊಂದರಲ್ಲಿ ಅವ್ಯಾಪ್ತಿದೋಷ ಬರುತ್ತದೆ. ಚೆಂಡು ಹಂಚಬಲ್ಲ ಎತ್ತರದ ಆಟಗಾರನೇ ಯೂರೋಪಿನ ಲಕ್ಷಣವೆಂದರೆ, 1977ರಲ್ಲಿ ಪೋರ್ಟ್‌ಲೆಂಡ್ ತಂಡಕ್ಕೆ ಪ್ರಶಸ್ತಿಯನ್ನು ತಂದ ಅಮೆರಿಕದ ಬಿಲ್ ವಾಲ್ಟನ್ ಎಂಬವನಲ್ಲಿ ಅತಿವ್ಯಾಪ್ತಿಯಾಗುತ್ತದೆ.

2002ರ ಸೆಪ್ಟೆಂಬರಿನಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ ಆರ್ಜೆಂಟೀನಾವು ಅಮೆರಿಕವನ್ನು 87-80ರಿಂದ ಸೋಲಿಸಿ, ಎನ್.ಬಿ.ಎ. ಆಟಗಾರರಿಂದ ಕೂಡಿದ ಅಮೆರಿಕದ ತಂಡಗಳ 58 ಪಂದ್ಯಗಳ ಅವಿಚ್ಛಿನ್ನ ವಿಜಯಪರಂಪರೆಯನ್ನು ಮುರಿಯಿತು. 2004ರ ಅಥೆನ್ಸ್ ಕೂಟದಲ್ಲಿ ಮತ್ತೆ 89-81ರಿಂದ ಗೆದ್ದು ಸುವರ್ಣಪದಕವನ್ನು ಪಡೆಯಿತು. ಆ ತಂಡದ ನಾಯಕಮಣಿಯಾದ ಮಾನು ಜಿನೋಬಿಲಿ ಇಟಲಿಯ ಬೊಲೋನ್ಯಾ ನಗರದಲ್ಲಿ ಪಳಗಿ, ಅನಂತರ ಅಮೆರಿಕದ ಸ್ಯಾನ್ ಆಂಟೋನಿಯೋ ತಂಡವನ್ನು ಸೇರಿದವನು. ಎಡಬಲಗಳಿಗೆ ಹೆಜ್ಜೆಯಿಟ್ಟು ಕಾವಲುಗಾರನನ್ನು ವಂಚಿಸುವ ಅವನ ಗತಿಯು ‘ಯೂರೋ ಹೆಜ್ಜೆ’ ಎಂದು ಪ್ರಸಿದ್ಧವಾಯಿತು. ಯೂರೋಪಿನ ಹೆಸರುಳ್ಳ ಹೆಜ್ಜೆಯನ್ನು ಅಮೆರಿಕದಲ್ಲಿ ಪ್ರಚುರಪಡಿಸಿದವನು ಆರ್ಜೆಂಟೀನಾದವನು! ದೇಶನಾಮವು ಎಷ್ಟು ಔಪಚಾರಿಕವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವೇಕೆ?

ಇನ್ನು ಶ್ರೇಷ್ಠತೆಯ ವಿಚಾರ. ಸಂಖ್ಯೆಯೇ ಪ್ರಮಾಣವೆಂಬುದು ಒಂದು ಪಕ್ಷ. 1962ರ ಮಾರ್ಚ್ 2ರಂದು ವಿಲ್ಟ್ ಚೇಂಬರ್ಲೇನ್ ಒಂದೇ ಪಂದ್ಯದಲ್ಲಿ 100 ಅಂಕಗಳನ್ನು ಗಳಿಸಿದನು. ಆ ಋತುವಿನಲ್ಲಿ ಅವನ ಸರಾಸರಿಯು ಪಂದ್ಯವೊಂದಕ್ಕೆ 50.4. ಆದರೂ ಆ ವರ್ಷದ ಅತ್ಯುತ್ತಮ ಆಟಗಾರನೆಂದು ಸಹಕ್ರೀಡಾಪಟುಗಳು ಮತಕೊಟ್ಟು ಆರಿಸಿದುದು ಬಾಸ್ಟನ್ ತಂಡದ ಬಿಲ್ ರಸೆಲ್‌ನನ್ನು. ರಸೆಲ್ ಹದಿಮೂರು ಋತುಗಳಲ್ಲಿ ಹನ್ನೊಂದು ಪ್ರಶಸ್ತಿಗಳಿಗೆ ಭಾಗಿಯಾದವನು. ಎದುರಾಳಿಗಳ ಎಸೆತಗಳನ್ನು ಗಾಳಿಯಲ್ಲಿಯೇ ತಡೆಯುವುದು ಅವನ ಪರಮಕೌಶಲ. ಅಂತಹ ತಡೆಗಳನ್ನು ಎನ್.ಬಿ.ಎ. ಸಂಘವು ಲೆಕ್ಕಕ್ಕೆ ತೆಗೆದುಕೊಂಡುದು 1973-74ರಿಂದ. ಅಷ್ಟರಲ್ಲಿ ರಸೆಲ್ ನಿವೃತ್ತನಾಗಿದ್ದನು. ಯಾವ ಗುಣದಿಂದ ಅವನು ಶ್ರೇಷ್ಠನಾದನೋ ಆ ಗುಣಕ್ಕೆ ಅಂಕಪಟ್ಟಿಯಲ್ಲಿ ಕೋಷ್ಠಕವೇ ಇರಲಿಲ್ಲ. ಆದುದರಿಂದ ಸಂಖ್ಯೆಯು ಶ್ರೇಷ್ಠತೆಗೆ ಜ್ಞಾಪಕವಾಗಬಹುದೇ ಹೊರತು ಕಾರಕವಾಗಲಾರದು.

ಅಮೆರಿಕದ ವೃತ್ತಿಪರ ಸಂಘದಲ್ಲಿ ಜಯಿಸಿದವನೇ ಶ್ರೇಷ್ಠನೆಂಬುದು ಮತ್ತೊಂದು ಪಕ್ಷ. ಇದರಿಂದ ಒದಗುವ ಅನ್ಯಾಯಕ್ಕೆ ಬ್ರೆಜಿಲಿನ ಓಸ್ಕಾರ್ ಷ್ಮಿಟ್ ಉದಾಹರಣೆ. 1984ರಲ್ಲಿ ನ್ಯೂಜೆರ್ಸಿ ತಂಡವು ಅವನನ್ನು ಆರಿಸಿತು. ಆದರೆ ಎನ್.ಬಿ.ಎ. ಸೇರಿದವರು ಸ್ವದೇಶದ ತಂಡದಲ್ಲಿ ಆಡಕೂಡದೆಂಬ ನಿಷೇಧವು ಆಗ ಇದ್ದುದರಿಂದ ಅವನು ಆ ಆಹ್ವಾನವನ್ನು ತೊರೆದನು. 1987ರಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ ನಡೆದ ಪ್ಯಾನ್ ಅಮೆರಿಕನ್ ಕೂಟದ ಅಂತಿಮ ಪಂದ್ಯದಲ್ಲಿ, ಅರ್ಧಕಾಲಕ್ಕೆ 14 ಅಂಕಗಳಷ್ಟು ಹಿಂದಿದ್ದ ಬ್ರೆಜಿಲ್ ತಂಡವು ಅವನ 46 ಅಂಕಗಳ ಬಲದಿಂದ ಅಮೆರಿಕವನ್ನು 120-115ರಿಂದ ಸೋಲಿಸಿತು. ಐದು ಒಲಿಂಪಿಕ್ ಕೂಟಗಳಲ್ಲಿ ಅವನು ಗಳಿಸಿದ ಅಂಕಗಳು 1093. ಆ ನಿಷೇಧವನ್ನು ಫೀಬಾ ತೊಲಗಿಸಿದುದು 1989ರಲ್ಲಿ. ಅದಕ್ಕೆ ಮುಂದಾಳಾದವನು ಹಿಂದೆ ಹೇಳಿದ ನಾಲ್ವರಲ್ಲಿ ಒಬ್ಬನಾದ ಬೋರಿಸ್ಲಾವ್ ಸ್ಟಾಂಕೊವಿಚ್. ಷ್ಮಿಟ್ ಎಂದಿಗೂ ಎನ್.ಬಿ.ಎ. ಪಂದ್ಯವನ್ನು ಆಡಲಿಲ್ಲ. ಅವನ ದೇಶನಿಷ್ಠೆಯನ್ನೇ ಅವನ ನ್ಯೂನತೆಯೆಂದು ಎಣಿಸುವ ಮಾನದಂಡವು ಮಾನದಂಡವೇ ಅಲ್ಲ.

ಹಾಗಾದರೆ ಸಿದ್ಧಾಂತವೇನು? ವಾಮನನು ರೀತಿಗಳಿಗೆ ದೇಶನಾಮವನ್ನು ಇಟ್ಟರೂ, ಆಯಾ ದೇಶದಲ್ಲಿ ಕಂಡುಬಂದುದರಿಂದಲೇ ಆ ಹೆಸರು, ದೇಶವು ಕಾವ್ಯಕ್ಕೆ ಏನನ್ನೂ ಮಾಡುವುದಿಲ್ಲವೆಂದು ತಾನೇ ಸ್ಪಷ್ಟಪಡಿಸಿದನು. ಕುಂತಕನು ಇನ್ನೂ ಮುಂದೆ ಹೋಗಿ, ದೇಶನಾಮಗಳನ್ನೇ ಬಿಟ್ಟು, ಕವಿಸ್ವಭಾವವನ್ನು ಆಶ್ರಯಿಸಿ ಸುಕುಮಾರ, ವಿಚಿತ್ರ, ಮಧ್ಯಮ ಎಂಬ ಮಾರ್ಗಗಳನ್ನು ಹೇಳಿದನು. ಕ್ರೀಡೆಯಲ್ಲಿಯೂ ಇದೇ ನ್ಯಾಯ. ನಿಯಮವೂ ಗುರುಪರಂಪರೆಯೂ ರೀತಿಯನ್ನು ಕೊಡುತ್ತವೆ. ಆ ರೀತಿಯೊಳಗೆ ನಿಂತು ಅದರಲ್ಲಿಲ್ಲದುದನ್ನು ಅದಕ್ಕೆ ಕೊಡುವವನು ಶ್ರೇಷ್ಠನು. ರಸೆಲ್ ತಡೆಯುವುದನ್ನು ಒಂದು ಕಲೆಯನ್ನಾಗಿ ಮಾಡಿದನು. ಯುಗೋಸ್ಲಾವಿಯದ ಕ್ರೆಷಿಮಿರ್ ಚೋಸಿಚ್ ಎತ್ತರದ ಆಟಗಾರನೂ ಸೂತ್ರಧಾರನಾಗಬಹುದೆಂದು ತೋರಿಸಿದನು. 2014ರ ಆಯ್ಕೆಯಲ್ಲಿ ನಲವತ್ತೊಂದನೆಯವನಾಗಿ ಉಳಿದಿದ್ದ ಸರ್ಬಿಯಾದ ನಿಕೋಲಾ ಯೋಕಿಚ್ ಆ ಪರಂಪರೆಯನ್ನು ಪರಾಕಾಷ್ಠೆಗೆ ಮುಟ್ಟಿಸಿ, 2021, 2022, 2024ರಲ್ಲಿ ಎನ್.ಬಿ.ಎ. ಸಂಘದ ಅತ್ಯುತ್ತಮ ಆಟಗಾರನೆನಿಸಿ, 2023ರಲ್ಲಿ ಡೆನ್ವರ್ ತಂಡಕ್ಕೆ ಅದರ ಪ್ರಥಮ ಪ್ರಶಸ್ತಿಯನ್ನು ತಂದುಕೊಟ್ಟನು.

2024ರ ಪ್ಯಾರಿಸ್ ಒಲಿಂಪಿಕ್ ಕೂಟದಲ್ಲಿ ಅಮೆರಿಕವು ಸರ್ಬಿಯಾವನ್ನು 95-91ರಿಂದಲೂ, ಅಂತಿಮದಲ್ಲಿ ಫ್ರಾನ್ಸನ್ನು 98-87ರಿಂದಲೂ ಗೆದ್ದಿತು. 1992ರಲ್ಲಿ ಮೂವತ್ತೆರಡು ಅಂಕಗಳಷ್ಟಿದ್ದ ಅಂತರವು ಹನ್ನೊಂದಕ್ಕೆ ಇಳಿದುದು ಅಮೆರಿಕದ ಕ್ಷಯವನ್ನು ಹೇಳುವುದಿಲ್ಲ. ವಿದ್ಯೆಯು ಹಂಚಿಕೆಯಾದುದನ್ನು ಹೇಳುತ್ತದೆ. ವೈದರ್ಭಿಯಲ್ಲಿ ಬರೆಯುವುದಕ್ಕೆ ವಿದರ್ಭದಲ್ಲಿ ಹುಟ್ಟಬೇಕಾಗಿಲ್ಲವೆಂಬುದನ್ನು ಕವಿಗಳು ಹಿಂದೆಯೇ ಬಲ್ಲವರಾಗಿದ್ದರು. ಚೆಂಡಾಟದವರೂ ಅದನ್ನು ತಮ್ಮ ಕಾರ್ಯದಿಂದ ಸಿದ್ಧಪಡಿಸಿದ್ದಾರೆ. ಅದನ್ನು ಒಪ್ಪಿಕೊಳ್ಳುವುದು ವಿಮರ್ಶಕರಿಗೆ ಉಳಿದಿರುವ ಕಾರ್ಯ.